ಮಹಾದೇವಿಯ ಗಂಟಲಿಗೆ ಏನೂ ಆಗಿರಲಿಲ್ಲ

ಮಹಾದೇವಿಯ ಹಾಡನ್ನು ಕೆಡಿಸಿದವಳು ನಾನು. ಹಲಸೂರಿನ ಆ ವೇದಿಕೆಯ ಮೇಲೆ, ಅಷ್ಟೊಂದು ಜನರ ಎದುರಿಗೆ ಅವಳ ದನಿ ಒಡೆದುಹೋಯಿತಲ್ಲ — ಅದು ಅವಳ ಗಂಟಲಿನ ದೋಷವಲ್ಲ, ಯಾರ ಕೆಟ್ಟ ಕಣ್ಣೂ ಅಲ್ಲ, ಹೆದರಿಕೆಯೂ ಅಲ್ಲ. ಪಕ್ಕದಲ್ಲೇ ಕೀಬೋರ್ಡ್ ನುಡಿಸುತ್ತಿದ್ದ ನಾನು ಹಾಡು ಶುರುವಾಗುವ ಮುಂಚೆ ಶ್ರುತಿ ಏರಿಸಿದ್ದೆ. ಮರೆತು ಅಲ್ಲ, ಕೈತಪ್ಪಿ ಅಲ್ಲ. ಬೇಕೆಂದೇ ಏರಿಸಿದ್ದೆ.

‘ಬೇಕೆಂದೇ’ ಎಂಬ ಈ ಒಂದು ಮಾತನ್ನು ಬರೆಯಲು ನನಗೆ ಹದಿನೆಂಟು ವರ್ಷ ಬೇಕಾಯಿತು. ಕೈತಪ್ಪಿರಬೇಕು ಎಂದು ಮೊದಲ ಕೆಲವು ವರ್ಷ ನನಗೆ ನಾನೇ ಹೇಳಿಕೊಂಡೆ. ಆಮೇಲೆ, ಆಗಿದ್ದು ಆಗಿಹೋಯಿತು, ಈಗ ಕೆದಕಿ ಏನು ಎಂದುಕೊಂಡೆ. ಅದಾದ ಮೇಲೆ, ಅವಳು ಸುಖವಾಗಿಯೇ ಇದ್ದಾಳಲ್ಲ ಎಂದು. ನೋಡಿ, ಒಬ್ಬ ಹೆಂಗಸಿಗೆ ತನ್ನನ್ನು ತಾನು ಕಾಪಾಡಿಕೊಳ್ಳಲು ಎಷ್ಟು ಬುದ್ಧಿ ಇರುತ್ತದೆ! ಅದರಲ್ಲಿ ಕಾಲು ಭಾಗ ಬುದ್ಧಿಯನ್ನು ಅವಳಿಗೆ ನಿಜ ಹೇಳಲು ಬಳಸಿದ್ದರೆ... ಬಳಸಲಿಲ್ಲ. ಅಷ್ಟೇ.

ನಮ್ಮದು ಹಲಸೂರಿನ ಬೌದ್ಧರ ಮನೆ. ಅಪ್ಪ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ನನಗೆ ಸಂಗೀತದ ಹುಚ್ಚು ಹತ್ತಿಸಿದವರು ಅವರೇ. ಶಿವಾಜಿನಗರದ ಗುಜರಿ ಅಂಗಡಿಯಿಂದ ಎರಡು ಸ್ವರದ ಮನೆಗಳು ಒತ್ತಿದರೂ ನುಡಿಯದ ಒಂದು ಹಳೆಯ ಕೀಬೋರ್ಡ್ ತಂದುಕೊಟ್ಟವರೂ ಅವರೇ. ಅದರ ಮೇಲೆಯೇ ಕಲಿತು, ಓದಿ, ನೋಟೇಶನ್ ಬರೆಯುವ ಮಟ್ಟಕ್ಕೆ ಬಂದು, ಲಿಂಗರಾಜಪುರದ ಕುಮಾರಣ್ಣನ ಆರ್ಕೆಸ್ಟ್ರಾ ಸೇರಿದೆ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆಯ ಆರತಕ್ಷತೆ, ಎಲ್ಲೆಂದರಲ್ಲಿ ನುಡಿಸುತ್ತಿದ್ದೆವು. ನನ್ನ ಗುರಿ ಮಾತ್ರ ಸ್ಟುಡಿಯೋ. ಒಂದಲ್ಲ ಒಂದು ದಿನ ಯಾರೋ ಸಂಗೀತ ನಿರ್ದೇಶಕರು ಬಂದು, ಈ ಹುಡುಗಿ ಯಾರು, ಕೈ ಇಷ್ಟು ಚುರುಕಾಗಿದೆಯಲ್ಲ ಎಂದು ಕೇಳುತ್ತಾರೆ ಎಂದು ಪ್ರತಿ ಕಾರ್ಯಕ್ರಮದಲ್ಲೂ ಕಾಯುತ್ತಿದ್ದೆ. ಯಾರೂ ಕೇಳಲಿಲ್ಲ. ಕೀಬೋರ್ಡಿನ ಹಿಂದೆ ಇರುವವಳು ಜನರಿಗೆ ಕಾಣುವುದೇ ಇಲ್ಲ, ಸ್ಪೀಕರ್ ಡಬ್ಬ ಕಂಡ ಹಾಗೆ ಕಾಣುತ್ತಾಳೆ.

ಮಹಾದೇವಿ ನಮಗೆ ಸಿಕ್ಕಿದ್ದು ಹೊರಮಾವಿನ ಗಣೇಶನ ಮುಂದೆ. ಅವಳ ಅಪ್ಪ ಅಮ್ಮ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಜನರಲ್ಲಿ ಯಾರಾದರೂ ಹಾಡುತ್ತೀರಾ ಎಂದು ಕುಮಾರಣ್ಣ ಸುಮ್ಮನೆ ಮೈಕಿನಲ್ಲಿ ಕೇಳಿದರೆ, ಓಣಿಯ ಹೆಂಗಸರೆಲ್ಲ ಸೇರಿ ಒಂದು ಹುಡುಗಿಯನ್ನು ತಳ್ಳಿ ವೇದಿಕೆಗೆ ಹತ್ತಿಸಿದರು. ಶ್ರುತಿ ಯಾವುದಮ್ಮ ಎಂದು ಕೇಳಿದೆ. ಹಂಗಂದ್ರೇನ್ರೀ ಅಂದಳು. ಸರಿ, ಒಂದು ಸಾಲು ಗುನುಗು ಅಂದೆ. ಗುನುಗಿದಳು. ನಾನು ಅವಳ ಶ್ರುತಿ ಹುಡುಕಿ ಹಿಡಿದೆ. ಆಮೇಲೆ ಅವಳು ಹಾಡಿದಳು. ನನ್ನ ಕೈ ನಿಂತೇಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ, ಕೈ ನಿಲ್ಲಲಿಲ್ಲ, ಆದರೆ ನಾನು ಏನು ನುಡಿಸಿದೆನೋ ನನಗೆ ನೆನಪಿಲ್ಲ.

ಅಂದಿನಿಂದ ಅದೇ ನಮ್ಮ ಪದ್ಧತಿ. ಹಾಡಿಗೆ ಮುಂಚೆ ಅವಳು ನನ್ನ ಕಿವಿಯ ಹತ್ತಿರ ಒಂದು ಸಾಲು ಗುನುಗುತ್ತಿದ್ದಳು, ನಾನು ಕೀಬೋರ್ಡಿನ ಮೂಲೆಯ ಒಂದು ಗುಂಡಿ ಒತ್ತಿ ಶ್ರುತಿ ಹೊಂದಿಸುತ್ತಿದ್ದೆ. ಒಂದು ಸಲ ಒತ್ತಿದರೆ ಇಡೀ ಕೀಬೋರ್ಡು ಅರ್ಧ ಸ್ವರ ಮೇಲೆ ಹೋಗುತ್ತದೆ, ಆ ಕಡೆಯ ಗುಂಡಿ ಒತ್ತಿದರೆ ಅರ್ಧ ಸ್ವರ ಕೆಳಗೆ. ನಮ್ಮದು ಸಣ್ಣ ತಂಡ — ನನ್ನ ಕೀಬೋರ್ಡು, ಒಂದು ರಿದಂ ಪ್ಯಾಡು, ಒಂದು ಢೋಲಕ್. ಶ್ರುತಿ ಕೊಡುವ ವಾದ್ಯ ನನ್ನದೊಂದೇ. ನಾನು ಎಲ್ಲಿ ಇಟ್ಟರೆ ಅವಳು ಅಲ್ಲಿಂದ ಹಾಡಬೇಕು. ಆ ಗುಂಡಿ ಏನು ಮಾಡುತ್ತದೆ ಎಂದು ಕಲಿತುಕೋ ಎಂದು ಎಷ್ಟೋ ಸಲ ಹೇಳಿದ್ದೆ.

“ನೀ ಇದ್ದೀಯಲ್ಲಕ್ಕ, ನನಗ್ಯಾಕ ಆ ಚಿಂತಿ?” ಅನ್ನುತ್ತಿದ್ದಳು.

ಈ ಮಾತು ನೆನಪಾದಾಗಲೆಲ್ಲ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಅವಳ ಮೇಲೂ ಬರುತ್ತದೆ. ಯಾಕೆ ಹಾಗೆ ನಂಬಬೇಕಿತ್ತು? ಕತ್ತನ್ನು ಇನ್ನೊಬ್ಬರ ಕೈಗೆ ಕೊಟ್ಟು ಹಾಡುತ್ತಾರೆಯೇ ಯಾರಾದರೂ? ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ನಂಬಿದವಳ ಮೇಲೆ ಸಿಟ್ಟು ಮಾಡಿಕೊಳ್ಳುವ ನಾನು ಎಂಥ ಹೆಂಗಸು!

ಅವಳಿಗೆ ಹಾಡುಗಳನ್ನು ಕಲಿಸಿದ್ದು ನಾನೇ. ನಮ್ಮ ಮನೆಯ ತಾರಸಿಯ ಮೇಲೆ, ಒಗೆದ ಬಟ್ಟೆಗಳ ನಡುವೆ ಕೂತು, ಸಾಲು ಸಾಲಾಗಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಎಳೆಯಬಾರದು, ಎಲ್ಲಿ ಪದ ನುಂಗಬಾರದು. ಅವಳ ಊರಿನ ಕನ್ನಡದ ಎಳೆತ ಹಾಡಿನಲ್ಲಿ ಇಣುಕಿದರೆ ತಿದ್ದುತ್ತಿದ್ದೆ. ಈಗ ಯೋಚಿಸಿದರೆ ಅದನ್ನು ತಿದ್ದಬಾರದಿತ್ತು ಅನಿಸುತ್ತದೆ. ಅಮ್ಮ ನಮ್ಮಿಬ್ಬರಿಗೂ ಒಂದೇ ತಟ್ಟೆಯಲ್ಲಿ ಚಿತ್ರಾನ್ನ ಕೊಡುತ್ತಿದ್ದಳು.

ಆ ವರ್ಷದ ರಾಜ್ಯೋತ್ಸವದ ಕಾರ್ಯಕ್ರಮ ಹಲಸೂರಿನಲ್ಲೇ, ನಮ್ಮ ಬೀದಿಯಿಂದ ಕೂಗಳತೆಯಲ್ಲಿ. ಸಂಗೀತ ನಿರ್ದೇಶಕರೊಬ್ಬರ ಸಹಾಯಕ ಹೊಸ ದನಿ ಹುಡುಕುತ್ತಾ ಬರುತ್ತಿದ್ದಾನೆ ಎಂದು ಕುಮಾರಣ್ಣ ಬೆಳಗಿನಿಂದ ನಿಂತಲ್ಲಿ ನಿಲ್ಲಲಿಲ್ಲ. “ಸುಜಾತಾ, ಇವತ್ತು ನೀಟಾಗ್ ನುಡಿಸ್ಬುಡಮ್ಮ. ಆ ಹುಡ್ಗಿ ಲೈಫ್ ಸೆಟ್ಟಾಗ್ಬುಡ್ತದೆ” ಅಂದ. ಆ ಹುಡುಗಿಯ ಲೈಫು. ಸರಿ. ನನಗೂ ಒಂದು ಲೈಫು ಇದೆ ಎಂದು ಅವನಿಗೆ ಹೊಳೆಯಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ಆ ಸಹಾಯಕ ಬಂದ. ವೇದಿಕೆಯ ಹಿಂದೆ ನಾವು ನಿಂತಿದ್ದಲ್ಲಿಗೇ ಬಂದ. ನಾನು ಎದ್ದು ನಮಸ್ಕಾರ ಮಾಡಿದೆ. “ಸ್ವಲ್ಪ ಸರೀಮ್ಮ” ಎಂದು ನನ್ನನ್ನು ದಾಟಿಕೊಂಡು ಹೋಗಿ ಮಹಾದೇವಿಯ ಮುಂದೆ ನಿಂತ. ಯಾರ ಹತ್ತಿರ ಕಲಿತೆ ಎಂದು ಕೇಳಿದ.

“ಯಾರೂ ಇಲ್ರಿ. ನಾನ ಕಲ್ತೀನ್ರಿ” ಅಂದಳು ಮಹಾದೇವಿ.

ಅಷ್ಟೇ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೇನೋ ಇರಬೇಕು ಎಂದು ನೀವು ಕಾಯುತ್ತಿದ್ದರೆ, ಇಲ್ಲ. ಅವಳು ಗಾಬರಿಯಲ್ಲಿ ಹಾಗೆ ಅಂದಿದ್ದಳು. ಅಂಥವರು ಕೇಳಿದರೆ ಗುರುವಿನ ಹೆಸರು ಹೇಳಬೇಕೇನೋ, ದೊಡ್ಡ ವಿದ್ವಾಂಸರು ಯಾರೂ ನನಗಿಲ್ಲವಲ್ಲ ಎಂದು ನಾಚಿಕೊಂಡು ಅಂದಿದ್ದಳು. ಅದು ನನಗೆ ಆಗಲೇ ಗೊತ್ತಾಗಿತ್ತು. ಅವಳ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೂ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ತಾರಸಿಯ ಮೇಲಿನ ಅಷ್ಟೂ ಮಧ್ಯಾಹ್ನಗಳು — ಯಾರೂ ಇಲ್ರಿ. ಅವಳು ಸ್ಟುಡಿಯೋಗೆ ಹೋಗುತ್ತಾಳೆ, ನಾನು ಇಲ್ಲೇ ಇನ್ನೊಬ್ಬಳಿಗೆ ಶ್ರುತಿ ಹುಡುಕುತ್ತಾ ಕೂರುತ್ತೇನೆ.

ವೇದಿಕೆ ಹತ್ತಿದೆವು. ಅವಳು ಎಂದಿನ ಹಾಗೆ ಬಗ್ಗಿ ನನ್ನ ಕಿವಿಯಲ್ಲಿ ಒಂದು ಸಾಲು ಗುನುಗಿದಳು. ನಾನು ಹೂಂ ಅಂದೆ. ಶ್ರುತಿ ಇರಬೇಕಾದ ಕಡೆಯೇ ಇತ್ತು, ಏನೂ ಮಾಡಬೇಕಾಗಿರಲಿಲ್ಲ. ಅವಳು ಮೈಕಿನ ಕಡೆ ತಿರುಗಿದಳು. ನನ್ನ ಬೆರಳು ಹೋಗಿ ಆ ಗುಂಡಿಯನ್ನು ಒತ್ತಿತು. ಮತ್ತೆ ಒತ್ತಿತು — ನೋಡಿ, ಈಗಲೂ ‘ಬೆರಳು ಒತ್ತಿತು’ ಎಂದೇ ಬರೆಯುತ್ತಿದ್ದೇನೆ! ನಾನು ಒತ್ತಿದೆ. ಎರಡು ಸಲ, ಮೇಲಕ್ಕೆ.

ಪಲ್ಲವಿ ಕೆಳಗಿನ ಸ್ವರಗಳಲ್ಲಿ ಇದ್ದದ್ದರಿಂದ ಹೊಂದಿಕೊಂಡು ಹೋಯಿತು. ಮೊದಲ ಚರಣದಲ್ಲಿ ದನಿ ಮೇಲೇರುವ ಸಾಲು ಬಂತು, ಅವಳ ಕತ್ತಿನ ನರ ಉಬ್ಬಿತು, ಹೇಗೋ ದಾಟಿದಳು. ದಾಟಿ ಒಂದು ಸಲ ನನ್ನ ಕಡೆ ತಿರುಗಿ ನೋಡಿದಳು. ಆ ನೋಟಕ್ಕೆ ಉತ್ತರವಾಗಿ ನಾನು ಇಳಿಸಬಹುದಿತ್ತು. ಮಧ್ಯೆ ಢೋಲಕ್ ಒಂದೇ ನುಡಿಯುವ ತುಣುಕು ಇತ್ತು, ಎರಡು ಸಲ ಒತ್ತಲು ಬೇಕಾದಷ್ಟು ಹೊತ್ತು ಇತ್ತು. ನಾನು ಕಪ್ಪು ಬಿಳಿ ಮನೆಗಳನ್ನು ನೋಡುತ್ತಾ ನುಡಿಸಿದೆ. ಎರಡನೆಯ ಚರಣದಲ್ಲಿ ಅದೇ ಸಾಲು ಇನ್ನೂ ಉದ್ದಕ್ಕೆ ಬರುತ್ತದೆ. ಅಲ್ಲಿ ಅವಳ ದನಿ ಒಡೆಯಿತು.

ಜನ ನಕ್ಕರು. ಯಾವನೋ ಒಬ್ಬ ಹುಂಜದ ಹಾಗೆ ಕೂಗಿದ, ಅದಕ್ಕೆ ಇನ್ನಷ್ಟು ನಕ್ಕರು. ಶಿಳ್ಳೆ ಹೊಡೆದರು. “ಲೇ, ಇಳೀರಿ ಸಾಕು!” ಎಂದು ಹಿಂದಿನಿಂದ ಒಬ್ಬ ಕಿರುಚಿದ. ಅವಳು ಮತ್ತೆ ಹಾಡಲು ಬಾಯಿ ತೆರೆದಳು, ದನಿ ಬರಲಿಲ್ಲ. ಮೈಕು ಕೊಟ್ಟು ಇಳಿದುಹೋದಳು. ಎಲ್ಲರೂ ಅವಳನ್ನು ನೋಡುತ್ತಿದ್ದಾಗ ನಾನು ಶ್ರುತಿಯನ್ನು ಮೊದಲಿನ ಜಾಗಕ್ಕೆ ತಂದಿಟ್ಟೆ. ಆ ಸಹಾಯಕ ಮೊಬೈಲ್ ನೋಡುತ್ತಾ ಎದ್ದು ಹೊರಟ. ಹೋಗುವಾಗಲೂ ನನ್ನ ಕಡೆ ತಿರುಗಿ ನೋಡಲಿಲ್ಲ ಎಂಬುದು ಆಗ ನನ್ನನ್ನು ಚುಚ್ಚಿದ ಸಂಗತಿ. ಆ ಹೊತ್ತಿನಲ್ಲೂ ನನಗೆ ನನ್ನದೇ ಚಿಂತೆ.

ಮರುವಾರವೇ ಕುಮಾರಣ್ಣ ಬೇರೆ ಹುಡುಗಿಯನ್ನು ಕರೆತಂದ. “ಅವ್ಳ ಕಂಠ ಅಷ್ಟೇ ಕಣಮ್ಮ. ಪ್ರೆಶರ್ ತಡ್ಕೊಳಲ್ಲ” ಎಂದು ಷರಾ ಬರೆದು ಮುಗಿಸಿಬಿಟ್ಟ. ಒಂದು ಹಾಡು, ಒಂದು ಸಾಲು — ಒಬ್ಬಳ ಮೇಲೆ ತೀರ್ಪು ಕೊಡಲು ಅಷ್ಟು ಸಾಕಾಯಿತು. ಎಷ್ಟೋ ಊರುಗಳಲ್ಲಿ ಅವಳ ಹಾಡಿಗೆ ಒನ್ಸ್ ಮೋರ್ ಕೂಗಿದ್ದನ್ನು ಕೇಳಿದ ಮನುಷ್ಯ ಅವನು. ಅವನ ಮೇಲೆ ನಾನು ವರ್ಷಗಟ್ಟಲೆ ಸಿಟ್ಟು ಸಾಕಿಕೊಂಡಿದ್ದೆ. ಅನುಕೂಲದ ಸಿಟ್ಟು ಅದು, ನನ್ನ ಪಾಲನ್ನೂ ಅವನ ಮೇಲೆ ಹೊರಿಸಬಹುದಿತ್ತು. ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿ ನಾನು.

ಇನ್ನು ಹೇಳಬೇಕಾದದ್ದು ಇದಕ್ಕಿಂತ ಹೊಲಸು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದೆ. ಅವಳನ್ನು ಶಿವಾಜಿನಗರದ ಒಬ್ಬ ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಅವಳ ಅಮ್ಮ ದೃಷ್ಟಿ ತೆಗೆದಿದ್ದಳು, ಮೆಣಸಿನ ಕಷಾಯ ಕುಡಿಸಿದ್ದಳು, ಏನು ಮಾಡಿದರೂ ಹುಡುಗಿ ಹಾಡಲು ಬಾಯಿ ಬಿಡುತ್ತಿರಲಿಲ್ಲ. ಡಾಕ್ಟರು ಟಾರ್ಚ್ ಹಾಕಿ, ಕನ್ನಡಿ ಹಿಡಿದು ನೋಡಿದರು. ಗಂಟಲಿಗೆ ಏನೂ ಆಗಿಲ್ಲ, ಚೆನ್ನಾಗಿದೆ ಎಂದರು. ನಾನು ನಿಟ್ಟುಸಿರು ಬಿಟ್ಟೆ. ಇನ್ನು ಧೈರ್ಯ ಮಾಡಿ ಹಾಡುತ್ತಾಳೆ, ನಾನು ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ ಎಂದುಕೊಂಡೆ.

ಹೊರಗೆ ಬಂದ ಮೇಲೆ ಬಸ್ ನಿಲ್ದಾಣದಲ್ಲಿ ಅವಳು ಅಂದಳು: “ಜಡ್ಡಿದ್ರ ಔಷಧ ಮಾಡಬೌದಿತ್ತಕ್ಕ. ಜಡ್ಡೂ ಇಲ್ಲಂದ್ರ... ನನಗ ಬರೂದೇ ಇಲ್ಲಂತ ಆತು.”

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವಳ ಕೈಚೀಲ ನನ್ನ ಕೈಯಲ್ಲಿತ್ತು. ಬಸ್ಸು ಬಂತು, ಹತ್ತಿಸಿದೆ, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟೆ. ಹೇಳಲಿಲ್ಲ.

ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಬುದ್ಧ ವಿಹಾರಕ್ಕೆ ಹೋಗಿ ಪಂಚಶೀಲ ಹೇಳುವ ರೂಢಿ. ನಾಲ್ಕನೆಯದು, ಸುಳ್ಳಾಡುವುದಿಲ್ಲ ಎಂಬ ಶೀಲ. ನಾನು ಸುಳ್ಳಾಡಿಲ್ಲವಲ್ಲ, ಯಾರೂ ಕೇಳಲೇ ಇಲ್ಲವಲ್ಲ ಎಂದು ಪ್ರತಿ ವಾರ ವಾದ ಹೂಡಿಕೊಂಡು ಕೈಮುಗಿದು ಅದನ್ನು ಹೇಳಿದ್ದೇನೆ. ಅದೇ ಬಾಯಿಂದ ಮನೆಗೆ ಬಂದು ಮಹಾದೇವಿಗೆ ಫೋನ್ ಮಾಡಿ, ಊಟ ಆಯ್ತೇನೇ ಎಂದು ಕೇಳಿದ್ದೇನೆ.

ಹೌದು, ಸ್ನೇಹ ಬಿಡಲಿಲ್ಲ. ಅವಳಿಗೆ ಮದುವೆಯಾಯಿತು, ಅಂಬಿಕಾ ಹುಟ್ಟಿದಳು, ಹೊರಮಾವಿನಲ್ಲೇ ಒಂದು ಸಣ್ಣ ಮನೆ ಮಾಡಿ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಸುತ್ತಲಿನ ಅಪಾರ್ಟ್‌ಮೆಂಟಿನವರೂ ಬಂದು ಒಯ್ಯುತ್ತಾರೆ. ನಾನು ಆರ್ಕೆಸ್ಟ್ರಾ ಬಿಟ್ಟೆ. ನುಡಿಸುವವರೇ ಬೇಡವಾಗಿ, ಪೆನ್‌ಡ್ರೈವಿನ ಟ್ರ್ಯಾಕ್ ಹಾಕಿ ಹಾಡುವ ಕಾಲ ಬಂದಿತ್ತು. ಜೀವನ್ ಬಿಮಾ ನಗರದ ಒಂದು ಶಾಲೆಯಲ್ಲಿ ಮ್ಯೂಸಿಕ್ ಮಿಸ್ ಆದೆ. ಪಾಠ ಮುಗಿಸಿ ಇಂದಿರಾನಗರದ ಕಡೆ ನಡೆದು ಬರುವಾಗ ಅಲ್ಲಿನ ಪಬ್ಬುಗಳಿಂದ ಗಿಟಾರು, ಡ್ರಮ್ಮು ಕೇಳುತ್ತದೆ. ಮೈಕ್ ಚೆಕ್ ಮಾಡುವ ಸದ್ದಿಗೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಜೊತೆಗಿರುವ ಟೀಚರುಗಳು, ನಾನೂ ವೀಣೆ ಬಿಡದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಎಲ್ಲೋ ಇರುತ್ತಿದ್ದೆ ಎಂದು ನಿಟ್ಟುಸಿರು ಬಿಡುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ನೀವು ಬಿಟ್ಟಿರಿ ತಾಯಿ, ನಿಮ್ಮ ಇಷ್ಟ. ನಾನೂ ಬಿಟ್ಟೆ, ನನ್ನ ಹಣೆಬರಹ. ಹೋಗದ ದಾರಿಯನ್ನು ನೆನೆದು ಕಾಫಿ ಕುಡಿಯುತ್ತಾ ಕೊರಗುವುದು ಒಂದು ಸುಖ. ಮಹಾದೇವಿಗೆ ಆ ಕೊರಗುವ ಸುಖವೂ ಇರಲಿಲ್ಲ. ತನಗೆ ದಾರಿಯೇ ಇರಲಿಲ್ಲ ಎಂದು ಅವಳು ನಂಬಿದ್ದಳು. ಯಾಕೆಂದರೆ ನಾನು ಅದನ್ನು ರಾತ್ರೋರಾತ್ರಿ ಅಗೆದು ಮಣ್ಣು ಮುಚ್ಚಿಬಿಟ್ಟಿದ್ದೆ.

ಹೀಗೇ ಹೋಗುತ್ತಿತ್ತು, ನಾನು ಸಾಯುವವರೆಗೂ ಹೀಗೇ ಹೋಗುತ್ತಿತ್ತು. ಕಳೆದ ತಿಂಗಳು ಅಂಬಿಕಾ ಫೋನ್ ಮಾಡಿ ಅತ್ತಳು. ಶಾಲೆಯ ರಾಜ್ಯೋತ್ಸವಕ್ಕೆ ಒಬ್ಬಳೇ ನಿಂತು ಹಾಡಲು ಅವಳನ್ನು ಆರಿಸಿದ್ದರಂತೆ. “ಅಮ್ಮ ಬೇಡ್ವೇ ಬೇಡ ಅಂತವ್ರೆ ಆಂಟಿ. ನೀವಾದ್ರೂ ಹೇಳಿ, ನಿಮ್ ಮಾತು ಕೇಳ್ತಾರೆ” ಅಂದಳು.

ಹೋದೆ. ಮಧ್ಯಾಹ್ನದ ಹೊತ್ತು, ಮಹಾದೇವಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹುಡುಗಿಗೆ ಯಾಕೆ ಅಡ್ಡ ಹಾಕುತ್ತೀ ಎಂದು ಕೇಳಿದೆ.

“ನಮ್ಮ ಮನಿತನದ ಗಂಟ್ಲ ನಡಬರಕ ಕೈ ಕೊಡ್ತದಕ್ಕ. ನನಗಾದಂಗ ಆಕಿಗೂ ಆಗ್ಬಾರ್ದು. ಮಂದಿ ಮುಂದ ನಗಿಪಾಟ್ಲ ಆಗೂದು ಏನಂತ ನೀ ನೋಡಿಯಲ್ಲ?” ಅಂದಳು.

ನೋಡಿದ್ದೆ. ನಾನು ಬಾಯಿ ಮುಚ್ಚಿಕೊಂಡು ಬೆಳೆಸಿದ ಸುಳ್ಳು ಈಗ ಅವರ ಮನೆತನದ ರೋಗವಾಗಿ, ತಾಯಿಯಿಂದ ಮಗಳಿಗೆ ಆಸ್ತಿಯ ಹಾಗೆ ಇಳಿಯುತ್ತಿತ್ತು. ಇನ್ನೊಂದು ಹುಡುಗಿ ಬಾಯಿ ಮುಚ್ಚಿಕೊಳ್ಳಬೇಕಿತ್ತು, ನನ್ನ ಮರ್ಯಾದೆ ಉಳಿಯಲಿಕ್ಕೆ. ನಾನು ಹೇಳಿದೆ. ಸುತ್ತಿ ಬಳಸದೆ ಹೇಳಿದೆ. “ನಿನ್ನ ಗಂಟ್ಲು ಕೈ ಕೊಟ್ಟಿಲ್ಲ ಕಣೇ. ನಾನು ಶ್ರುತಿ ಏರಿಸ್ಬಿಟ್ಟಿದ್ದೆ, ಬೇಕಂತಲೇ.”

“ಏನ್ ಹೇಳ್ಲತ್ತಿ ನೀ?” ಅಂದಳು. ಮತ್ತೆ ಹೇಳಿದೆ. ಯಾರೂ ಇಲ್ರಿ ಅಂದಿದ್ದನ್ನೂ ಹೇಳಿದೆ. ಅದು ಅವಳಿಗೆ ನೆನಪೇ ಇರಲಿಲ್ಲ.

ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು, ಅವಳು ತೆಗೆಯಲಿಲ್ಲ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅದಕ್ಕೆ ನಾನು ತಯಾರಾಗಿ ಹೋಗಿದ್ದೆ. ಅವಳು ಕೇಳಿದ್ದು ಬೇರೆ.

“ಎಷ್ಟ ಏರಿಸಿದ್ದಿ?”

“ಎರಡು ಸಲ ಒತ್ತಿದೆ. ಪೂರ್ತಿ ಒಂದು ಸ್ವರ.”

“ಪೂರ್ತಿ ಒಂದು ಸ್ವರ” ಎಂದು ತನ್ನಲ್ಲೇ ಅಂದುಕೊಂಡಳು. ಆಮೇಲೆ ತಲೆ ಎತ್ತಿದಳು. ಅಂಥ ಕಣ್ಣುಗಳನ್ನು ನಾನು ಅವಳಲ್ಲಿ ಎಂದೂ ನೋಡಿರಲಿಲ್ಲ. “ಅಷ್ಟ ಏರಿಸಿದ್ರೂ ಒಂದನೇ ಚರಣಕ್ಕ ನಾ ಮುಟ್ಟಿದ್ದೆ. ಮುಟ್ಟಿದ್ದೆನೋ ಇಲ್ಲೋ? ನೀನ ಹೇಳು!”

“ಮುಟ್ಟಿದ್ದೆ.”

“ಸುಳ್ಳ ಹೇಳಬ್ಯಾಡ ಮತ್ತ.”

“ಮುಟ್ಟಿದ್ದೆ ಮಹಾದೇವಿ. ಸರಿಯಾಗಿ ಮುಟ್ಟಿದ್ದೆ.”

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಹತ್ತಿರ ಹೋಗಲಿಲ್ಲ, ಸಮಾಧಾನ ಮಾಡುವ ಹಕ್ಕು ನನಗೆ ಎಲ್ಲಿಂದ ಬರಬೇಕು. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು, ಕರಕಲು ರೊಟ್ಟಿಯನ್ನು ತೆಗೆದು ಪಕ್ಕಕ್ಕೆ ಎಸೆದು, ನನ್ನನ್ನು ನೋಡದೆ ಅಂದಳು:

“ನನಗ ಹೇಳ್ದಿ. ಅವತ್ತ ನಕ್ಕ ಮಂದಿಗಿ ಯಾರ ಹೇಳ್ಬೇಕು?”

ಹೋಗು ಅಂದಳು. ಎದ್ದು ಬಂದೆ.

ಅಂಬಿಕಾ ಹಾಡುತ್ತಾಳಂತೆ. ಅವಳೇ ಮೆಸೇಜ್ ಹಾಕಿದ್ದಳು, ಅಮ್ಮ ಒಪ್ಪಿದರು, ದಿನಾ ಕೂರಿಸಿಕೊಂಡು ತಾವೇ ಹೇಳಿಕೊಡುತ್ತಿದ್ದಾರೆ ಎಂದು. ನನ್ನನ್ನು ಕರೆದಿಲ್ಲ. ಕರೆಯುವುದು ಬೇಡ, ನಾನು ಹೋಗುವುದೂ ಇಲ್ಲ. ಮಹಾದೇವಿ ನನ್ನನ್ನು ಕ್ಷಮಿಸಲಿ ಎಂದು ಇದನ್ನು ಬರೆದಿಲ್ಲ. ಅವಳು ಕೇಳಿದ ಪ್ರಶ್ನೆ ನಿಂತೇ ಇದೆ, ಅದಕ್ಕೆ ಬರೆದೆ.

ಆದ್ದರಿಂದ, ಅವತ್ತು ಹಲಸೂರಿನಲ್ಲಿ ನಕ್ಕವರು, ಹುಂಜದ ಹಾಗೆ ಕೂಗಿದವನು, ಇಳೀರಿ ಸಾಕು ಎಂದವನು, ಅರ್ಧದಲ್ಲೇ ಎದ್ದು ಹೋದ ಸಹಾಯಕ, ನಿಮ್ಮಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿಸಿಕೊಳ್ಳಿ. ಹಸಿರು ಲಂಗ ದಾವಣಿಯ ಆ ಹುಡುಗಿ ಸರಿಯಾಗಿಯೇ ಹಾಡಿದಳು. ನೀವು ನಗಬೇಕಾದದ್ದು, ಉಗಿಯಬೇಕಾದದ್ದು ಬೇರೆಯವಳಿಗೆ. ವೇದಿಕೆಯ ಎಡಗಡೆ, ಕೀಬೋರ್ಡಿನ ಹಿಂದೆ, ತಲೆ ತಗ್ಗಿಸಿಕೊಂಡು ನುಡಿಸುತ್ತಿದ್ದವಳು. ನೀವು ಯಾರೂ ನೋಡಲಿಲ್ಲ. ಅವಳ ಹೆಸರು ಸುಜಾತ. ಅದು ನಾನು.